ಹಾರ್ಲಿಕ್ಸ್ ಬಾಟಲಿಯಲ್ಲಿ ಮಣ್ಣು

ಮೊದಲು ಒಂದು ಖಾಲಿ ಬಾಟಲಿ ಕೊಡಿ, ಅಂದೆ.
ಸೀತಾಂಗೋಳಿ ಪದವಿನ ಹೊಸ ಮದುವೆ ಹಾಲಿನ
ಮೆನೇಜರು ಅಶ್ಫಾಕ್ ನಕ್ಕರು:
ಹುಲ್ಲು ಹಾಸಲು ಬಂದವರಿಗೆ
ಬಾಟಲಿ ಎಂತಕ್ಕೆ ಮಾರಾಯ್ರೆ?

ಕಾಲು ಭಾಗ ಮಣ್ಣು, ಉಳಿದದ್ದು ನೀರು,
ಒಂದು ಚಿಟಿಕೆ ಸೋಪಿನ ಹುಡಿ.
ಕುಲುಕಿ, ಕಿಟಕಿಯ ದಂಡೆಯಲ್ಲಿಟ್ಟೆ.
ನಾಳೆ ಬೆಳಿಗ್ಗೆ ಅದೇ ಹೇಳುತ್ತದೆ
ತಾನು ಯಾರೆಂದು.

ಅಷ್ಟರಲ್ಲಿ ಕುಂಞಂಬು ಮಣಿಯಾಣಿ
ಪಿಕ್ಕಾಸು ಎತ್ತಿ ಮೂರು ಕಡೆ ಕುಟ್ಟಿದರು.
ಟಣ್.
ಟಣ್.
ಡಬ್.
ನಲುವತ್ತು ವರ್ಷ ಸುರಂಗ ತೋಡಿದ ಕಿವಿ ಅದು;
ಗುಡ್ಡದ ಹೊಟ್ಟೆಯಲ್ಲಿ ಮೊಣಕಾಲೂರಿ,
ಮೇಣದ ಬತ್ತಿ ಸಣ್ಣಗಾದರೆ ಹಿಂದೆ ಸರಿದು,
ಒರತೆಯ ಸದ್ದಿಗೆ ಕಲ್ಲಿಗೆ ಕೆನ್ನೆ ಕೊಟ್ಟ ಕಿವಿ.
'ಟಣ್ ಅಂದರೆ ಮುರ. ಮೇಲೆ ಗೇಣು ಮಣ್ಣೂ ಇಲ್ಲ.
ಡಬ್ ಅಂದರೆ ಅಡಿಯಲ್ಲಿ ಪೊಳ್ಳು.
ಇಲ್ಲಿ ಸುರಿದ ಕೊಡ
ಕೆಳಗಿನ ಬೈಲಿನ ಯಾರದೋ ಬಾವಿಯಲ್ಲಿ ಏಳುತ್ತದೆ.'

ಅಶ್ಫಾಕರ ಮೊಬೈಲಿನಲ್ಲಿ ಒಂದು ಹಸಿರಿತ್ತು,
ಊಟಿಯದೋ ಲಂಡನಿನದೋ,
ಇಸ್ತ್ರಿ ಹಾಕಿದಂಥದ್ದು.
ಹೀಗೆ ಬೇಕು, ಅಂದರು. ಫೋಟೋಕ್ಕೆ.

ಮೊದಲ ಸಲದ ಹುಲ್ಲು ಮಂಗಳೂರಿನಿಂದ
ಚಾಪೆಯಂತೆ ಸುತ್ತಿಕೊಂಡು ಬಂದಿತ್ತಂತೆ.
ಮಾರ್ಚಿಯಲ್ಲಿ ಅದರ ಬೇರು
ಕಾದ ಕಲ್ಲಿನ ಮೇಲೆ ಹೆಜ್ಜೆ ಊರಲಾರದ ಮಗುವಿನ ಹಾಗೆ
ತುದಿಗಾಲಲ್ಲೇ ನಿಂತು ಒಣಗಿತು.
ಎರಡನೆಯ ಸಲಕ್ಕೆ ಶಿರಿಯ ಹೊಳೆಬದಿಯ ಗದ್ದೆಮಣ್ಣು,
ಹನ್ನೆರಡು ಟಿಪ್ಪರು.
ಗದ್ದೆಮಣ್ಣಿಗೆ ಗೊತ್ತಿರುವುದು ಒಂದೇ ಕೆಲಸ, ಹಿಡಿದಿಡುವುದು.
ಜೂನಿನಲ್ಲಿ ಹಿಡಿಯಿತು, ಜುಲಾಯಿಯಲ್ಲೂ ಬಿಡಲಿಲ್ಲ.
ಮದುಮಗಳ ಅಕ್ಕನ ಒಂದು ಚಪ್ಪಲಿ
ಇನ್ನೂ ಅದರೊಳಗೇ ಉಂಟು.

ನಾನು ಬೇಳದವಳು, ವೆರೋನಿಕಾ,
ಚರ್ಚಿನ ಇಳಿಜಾರಿನಲ್ಲಿ ನನ್ನ ನರ್ಸರಿ.
ಮಾಂಯ್ ಮಲ್ಲಿಗೆ ಬುಡಕ್ಕೆ ಚಿಪ್ಪಿನ ಸುಣ್ಣ ಉದುರಿಸುತ್ತಿದ್ದಳು,
ಹುಳಿ ಹೆಚ್ಚಾದ ಸಾರಿಗೆ ಬೆಲ್ಲ ಹಾಕಿದ ಹಾಗೆ.
ಒಂದು ಚೂರು ಮಣ್ಣು ನಾಲಿಗೆಯ ತುದಿಗಿಟ್ಟು
ಹುಬ್ಬು ಗಂಟಿಕ್ಕಿದರೆ ಅವಳ ಲೆಕ್ಕ ಮುಗಿಯಿತು.
ನನಗೆ ನೀಲಿ ಕಾಗದ ಬೇಕು.
ಕಾಗದ ಇಲ್ಲಿ ಅದ್ದುವ ಮೊದಲೇ ಕೆಂಪಾದಂತೆ ಕಂಡಿತು.

ಸುಣ್ಣ ಹಾಕಬಹುದು. ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ.
ಒಂದೂವರೆ ಅಡಿ ಕೊರೆದು, ಅಡಿಗೆ ಜಲ್ಲಿ, ಪೈಪು,
ದಿನಕ್ಕೆರಡು ಸಲ ನೀರು, ಎಷ್ಟು ಟ್ಯಾಂಕರು ಅಂತ
ನೀವೇ ಗುಣಿಸಿ, ಅಂದೆ.
ಇಲ್ಲದಿದ್ದರೆ ಪದವು ತಾನಾಗಿ ಹೊರುವುದನ್ನೇ ಹೊರಲಿ:
ಮುಳಿಹುಲ್ಲು, ನೆಕ್ಕರೆ, ಕೇಪಳ, ಒಂದೆರಡು ಕುಂಟಾಲ.
ಆಟಿಯಲ್ಲಿ ಕಲ್ಲಿನ ಕುಳಿಗಳಲ್ಲಿ ನೀಲಿ ಹೂ ಬರುತ್ತದೆ,
ಬೆರಳ ತುದಿಯಷ್ಟು, ಯಾರೂ ನೆಡದೆ.
'ಬೆರಳ ತುದಿಯಷ್ಟು,' ಅಂದರು ಅಶ್ಫಾಕ್.
'ಕಾಡು ನೋಡಲಿಕ್ಕೆ ಯಾರೂ ಹಾಲ್ ಬುಕ್ ಮಾಡುವುದಿಲ್ಲ ಟೀಚರೇ.'
ನಾನು ಟೀಚರಲ್ಲ. ತಿದ್ದಲಿಲ್ಲ.

ಕುಂಞಂಬಣ್ಣ ಪಿಕ್ಕಾಸು ಹೆಗಲಿಗಿಟ್ಟರು.
'ಹುಲ್ಲಿಗೆ ನಾನು ತೋಡುವುದಿಲ್ಲ.
ನೀರಿಗಾದರೆ ಕರೆಯಿರಿ.'
ಬಸ್ಸಿನ ಚಿಲ್ಲರೆಗೂ ಕೈಚಾಚದೆ ನಡೆದರು.
ನನಗೆ ನಡೆಯಲಾಗಲಿಲ್ಲ. ನರ್ಸರಿಯ ಬಾಡಿಗೆ ಎರಡು ತಿಂಗಳದು ಬಾಕಿ.

ಮರುದಿನ ಬಾಟಲಿ ನೋಡಿದೆ.
ಹರಳು ತಳದಲ್ಲಿ, ನಿನ್ನೆ ಕೈ ತೆಗೆಯುವ ಮೊದಲೇ ಕೂತದ್ದು.
ಅದರ ಮೇಲೆ ಬೆರಳು ದಪ್ಪ ಮರಳು.
ಮೇಲೆಲ್ಲ ಕೆಂಪು, ಸಾರಿನಂತೆ, ಸುಮ್ಮನೆ ತೇಲುತ್ತ.
ಮೂರನೆಯ ದಿನವೂ ಕೆಂಪು.
ಮಾಂಯ್ ಇದ್ದಿದ್ದರೆ ಮುಚ್ಚಳ ತೆಗೆದು
ಒಂದು ಹನಿ ನೆಕ್ಕುತ್ತಿದ್ದಳೋ ಏನೋ.

ಫೋನು ಬಂತು: ತಿಳಿಯಾಯಿತಾ?
ಇಲ್ಲ, ಇನ್ನೂ ಇಲ್ಲ.
ತಿಳಿಯಾಗದಿದ್ದರೂ ರೇಟು ಹೇಳಬಹುದಲ್ಲ?

ಬಾಟಲಿ ಎತ್ತಿದೆ.
ಎಸ್ಟಿಮೇಟಿನ ಹಾಳೆಯಲ್ಲಿ, ಮೊತ್ತಕ್ಕೆಂದು ಬಿಟ್ಟ ಜಾಗದಲ್ಲೇ
ಅದರ ಬುಡದ ಕೆಂಪು ಬಳೆ.
ಸೆರಗಿನಿಂದ ಒರೆಸಿದೆ. ಸೆರಗೂ ಕೆಂಪಾಯಿತು.
ಪೆನ್ನಿನ ಮುಚ್ಚಳ ತೆಗೆದು
ಆ ಬಳೆಯೊಳಗೆ, ಗೆರೆ ದಾಟದ ಹಾಗೆ,
ಚಿಕ್ಕದಾಗಿ ಬರೆದೆ.