ತಂದೆಯ ಹೆಸರು: ತಿಳಿಯದು

ತಮ್ಮನಿಗೆ ಹೆಣ್ಣು ಕೊಡುವವರು ಕೇಳಿದ್ದರು,
ಕಾಫಿ ಲೋಟ ಕೆಳಗಿಡದೆ: "ನಿಮ್ಮ ಮೂಲ ಎಲ್ಲಿಯದು?"
ಅಪ್ಪ ಕೆಮ್ಮಿದರು.
ಭದ್ರಾವತಿ, ಎಂದೆ ನಾನು. ಅದು ಸಾಲಲಿಲ್ಲ.

ಅದಕ್ಕೇ ಇವತ್ತು, ಡಿಸೆಂಬರ್ ಹದಿನೇಳು,
ಬೆಳಗಿನ ಪೂಜೆ ಮುಗಿಸಿ ಗುರುನಿವಾಸದಲ್ಲಿ ಕೂತಿದ್ದೇನೆ.
ಜ್ಞಾನಸ್ನಾನದ ಹಳೇ ದಫ್ತರ, ಗೆದ್ದಲು ತಿಂದ ಅಂಚು,
ಲ್ಯಾಟಿನ್ನಿನಲ್ಲೊಂದು ಸಾಲು, ಕನ್ನಡದಲ್ಲೊಂದು.
ಸಿಕ್ಕಳು ಮುತ್ತಜ್ಜಿ:
ಚೌರಮ್ಮ. ವಯಸ್ಸು ಸುಮಾರು ಆರು.
ಇದ್ದಿಲು ಗೂಡಿನ ಬಳಿ ಸಿಕ್ಕಿದವಳು.
ತಂದೆಯ ಹೆಸರು: ತಿಳಿಯದು.
ಜ್ಞಾನತಂದೆ: ಇನ್ನಾಸಪ್ಪ, ಕುಲುಮೆ ಕೂಲಿ.
ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು.

ಬೆಳಿಗ್ಗೆ ಫಾದರ್ ಓದಿದ್ದೂ ಒಂದು ಪಟ್ಟಿಯೇ.
ಮೂರು ಸಲ ಹದಿನಾಲ್ಕು ತಲೆಮಾರು. ಎರಡು ಕಡೆ ತೊದಲಿದರು,
ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು.
ರಾಜರು, ಸೂಳೆ, ಹೊರಗಿನಿಂದ ಬಂದ ಸೊಸೆ,
ಗಂಡನ ಹೆಸರಿಂದಷ್ಟೇ ಗೊತ್ತಿರುವ ಒಬ್ಬಳು,
ಎಲ್ಲರನ್ನೂ ದಾಟಿ ಬಂದು
ಬಡಗಿಯ ಹತ್ತಿರ ಆ ಸಾಲೂ ತುಂಡಾಗುತ್ತದೆ.
ಮಗು ಅವನದಲ್ಲ.
ಹೆಸರಿಟ್ಟವನು ಮಾತ್ರ ಅವನೇ.

ಇನ್ನಾಸಪ್ಪನೂ ಅಷ್ಟೇ ಮಾಡಿದ್ದು.
ಹೆಸರು ಕೊಟ್ಟ, ಕೈ ಹಿಡಿದು ಮನೆಗೆ ಕರಕೊಂಡು ಹೋದ.
ಆ ಮಸಿಗೈಯಿಂದ ಇಳಿದು ಬಂದವರು ನಾವು.

"ನಕಲು ಬೇಕಾ?" ಫಾದರ್ ಕನ್ನಡಕ ಒರೆಸುತ್ತಾರೆ.
ಬೇಕು. ಪೂರ್ತಿ ಸಾಲು.
ಆ "ತಿಳಿಯದು" ಕೂಡ ಸೇರಿಸಿ, ಮೊಹರು ಹಾಕಿ ಕೊಡಿ.

ಹೊರಗೆ ಹುಡುಗರು ಗೋದಲಿಗೆ ಬಿದಿರು ಸೀಳುತ್ತಿದ್ದಾರೆ.
ಹುಲ್ಲು ಹಾಸಿ, ನಡುವೆ ಒಂದು ಗುಳಿ
ಖಾಲಿ ಬಿಟ್ಟಿದ್ದಾರೆ. ಇನ್ನೂ ಎಂಟು ದಿನ.