ಅರ್ಧ ನಾನ್

ಬುಖಾರಾದಲ್ಲಿ ಮೂರನೆಯ ದಿನ. ಮಿನಾರುಗಳು ಸಾಕಾಗಿ,
ನೀಲಿ ಹೆಂಚುಗಳ ಎದುರು ನಿಂತೂ ನಿಂತೂ ಕತ್ತು ಹಿಡಿದು
ಕಣ್ಣು ಕೆಳಗಿಳಿಸಿದಾಗ ಸಿಕ್ಕಿದ್ದು ಈ ಅಂಗಡಿ:
ತುಕ್ಕು ಬೀಗ, ಸೋವಿಯತ್ ಪದಕ, ಅಂಚು ಮುಕ್ಕಾದ ಚಹಾ ಬಟ್ಟಲು,
ಅವುಗಳ ನಡುವೆ
ಹಿಡಿಯಷ್ಟು ಮರ, ಬುಡದಲ್ಲಿ ಸುತ್ತ ಸುತ್ತ ನೆಟ್ಟ ಮೊಳೆ.

ಇದೇನೆಂದು ಕೈಯಲ್ಲೇ ಕೇಳಿದೆ.
ಉಣ್ಣೆ ಹಿಕ್ಕಲಿಕ್ಕಾ? ಬೆನ್ನು ಕೆರೆಯಲಿಕ್ಕಾ?
ಸಾನೋಬರ್ ನಕ್ಕಳು. ಚಿನ್ನದ ಹಲ್ಲು ಮೂರು.
"ನಾನ್" ಅಂದಳು.
ನೀನಲ್ಲ, ಈ ವಸ್ತು, ಎಂದು ಮತ್ತೆ ತೋರಿಸಿದೆ.
"ನಾನ್, ನಾನ್" ಎನ್ನುತ್ತ ತೋಳು ಹಿಡಿದು
ಹಿತ್ತಲ ತಂದೂರಿಗೆ ಎಳೆದುಕೊಂಡು ಹೋದಳು.

ಹೋಟೆಲಿನ ಪಟ್ಟಿಯಲ್ಲಿ ಬೆಣ್ಣೆ ಹಚ್ಚಿಕೊಂಡು ಕೂತಿರುತ್ತಿದ್ದ ಪದ
ಇಲ್ಲಿ ತನ್ನ ಮನೆಯಲ್ಲಿತ್ತು, ಮೈತುಂಬ ಹಿಟ್ಟು.
ಉಬ್ಬಿದ ಕಣಕದ ನಡುಹೊಟ್ಟೆಗೆ ಮೊಳೆಯ ಮುದ್ರೆ ಒತ್ತಿದಳು;
ಚುಕ್ಕಿ ಚುಕ್ಕಿ ಹೂವಾಯಿತು.
ಚೆಕಿಚ್, ಎಂದ ಮೊಮ್ಮಗ ಶೋದ್ಮನ್, ಫೋನಿನಿಂದ ತಲೆ ಎತ್ತದೆ.
ಒತ್ತದಿದ್ದರೆ ನಡುವೆ ಉಬ್ಬಿಬಿಡುತ್ತದೆ.
ಹಿಂದೆ ಕೋಳಿಗರಿ ಕಟ್ಟುತ್ತಿದ್ದರಂತೆ, ದಂಟು ಕೆಳಗೆ ಮಾಡಿ.
ಮತ್ತೆ ಹೂವು ಯಾಕೆ? ಮನೆತನದ ಗುರುತಾ? ಪಂಗಡದ್ದಾ?
"ಚಂದಕ್ಕೆ" ಅಂದಳು ಸಾನೋಬರ್.
ನೋಟ್‌ಬುಕ್ ತೆರೆದು ಕೂತವರಿಗೆ ಇಷ್ಟು ಸಾಲದು.

ಗೋಡೆಯಲ್ಲಿ, ಗಡಿಯಾರದ ಪಕ್ಕ, ಒಂದು ಬಟ್ಟೆಚೀಲ.
ಅದೂ ಮಾರಾಟಕ್ಕಾ?
ಕೇಳಬಾರದಿತ್ತು.
ಕೈ ಒರೆಸಿಕೊಂಡು ಇಳಿಸಿದಳು, ಬಿಚ್ಚಿದಳು:
ಕಲ್ಲಾದ ರೊಟ್ಟಿ, ಎರಡು ಚೂರು.
ಒಂದರ ಅಂಚಿನಲ್ಲಿ ಯಾರೋ ಕಚ್ಚಿದ ಜಾಗ, ಬಿದಿಗೆಯ ಚಂದ್ರನಷ್ಟು.

ಎರ್ಗಶ್. ಅವಳ ಸೋದರಮಾವ. ಹತ್ತೊಂಬತ್ತು ವರ್ಷ.
ನಲವತ್ತೆರಡನೇ ಇಸವಿ, ಯುದ್ಧಕ್ಕೆ.
ಹೊರಡುವವರು ಒಂದು ತುತ್ತು ಕಚ್ಚಿಟ್ಟು ಹೋಗಬೇಕು,
ಉಳಿದದ್ದನ್ನು ಬಂದು ತಿನ್ನಬೇಕು. ಒಪ್ಪಂದ ಇಷ್ಟೇ.
ಕಾಗಾನ್ ನಿಲ್ದಾಣದವರೆಗೂ ಅವನ ತಾಯಿ ನಡೆದಳಂತೆ
(ರೈಲು ಊರೊಳಗೆ ಬೇಡ ಎಂದಿದ್ದನಂತೆ ಯಾವನೋ ಅಮೀರ,
ಅದಕ್ಕೇ ನಿಲ್ದಾಣ ಅಷ್ಟು ದೂರ;
ಅವನ ಕಾಲದ ಹಠಕ್ಕೆ ಇವಳ ಕಾಲು ಬೊಬ್ಬೆ).
ಎಪ್ಪತ್ತಾರರ ಭೂಕಂಪದಲ್ಲಿ ರೊಟ್ಟಿ ಬಿದ್ದು ಎರಡಾಯಿತು.
ಮನೆ ಎರಡು ಸಲ ಬದಲಾಯಿತು, ದೇಶ ಒಂದು ಸಲ.
ಹುಳ ಹಿಡಿಯದಂತೆ ವರ್ಷಕ್ಕೊಮ್ಮೆ ಬಿಸಿಲು ಕಾಣಿಸುತ್ತಾರೆ.
ಸಾನೋಬರ್ ಅವನನ್ನು ನೋಡಿಲ್ಲ.
ಹಲ್ಲು ನೋಡಿದ್ದಾಳೆ: ಮೇಲಿನ ಸಾಲು, ಒಂದು ತುಸು ಓರೆ.

ಏನಾದರೂ ಹೇಳಬೇಕಲ್ಲ, ಹೇಳಿದೆ:
ನಮ್ಮಲ್ಲಿ ರೊಟ್ಟಿ ತೂಗುಹಾಕುವುದಿಲ್ಲ.
ಹೊಸಿಲಲ್ಲಿ ನಿಂತು 'ಹೋಗ್ತೀನಿ' ಅಂದರೆ ನಮ್ಮತ್ತೆ ಬೈಯುತ್ತಿದ್ದಳು,
'ಬಿಡ್ತು ಅನ್ನು. ಹೋಗಿ ಬರ್ತೀನಿ ಅನ್ನು.'
ನಾವು ಕಚ್ಚಿಡುವುದು ಮಾತನ್ನು.
ಶೋದ್ಮನ್ ಅಜ್ಜಿಗೆ ದಾಟಿಸಿದ. ಎಷ್ಟು ದಾಟಿತೋ.
ಬಹಳ ಹೊತ್ತು ತಲೆಯಾಡಿಸಿ ಅವಳೊಂದು ಕೇಳಿದಳು.
"ಒಣಗಿದ ಮೇಲೆ ಅದನ್ನು ಎಲ್ಲಿಡುತ್ತೀರಿ, ಅಂತಾಳೆ."

ಬಿಸಿ ನಾನ್ ಒಂದನ್ನು ನನ್ನ ಮುಂದಿಟ್ಟಾಗ
ಆಸೆಯಾಯಿತು: ನಾನೂ ಕಚ್ಚಿಡಲಾ?
ಹೊಟ್ಟೆ ಹಿಡಿದುಕೊಂಡು ನಕ್ಕಳು.
"ನಿಮಗ್ಯಾಕೆ, ವಾಪಸು ಟಿಕೆಟ್ ಇದೆಯಲ್ಲ. ಪೂರ್ತಿ ತಿನ್ನಿ."
ಪೂರ್ತಿ ತಿಂದೆ. ಎಳ್ಳು ಉದುರಿದ್ದನ್ನೂ.
ಚೆಕಿಚ್‌ಗೆ ಮೊದಲು ಹೇಳಿದ್ದಕ್ಕಿಂತ ಎರಡು ಸಾವಿರ ಸೋಮ್ ಜಾಸ್ತಿ ತೆಗೆದುಕೊಂಡಳು.

ಗಡಿಯಲ್ಲಿ, ನಡುರಾತ್ರಿ, ರೈಲಿನ ಮಬ್ಬು ಬೆಳಕಿನಲ್ಲಿ
ಮೀಸೆ ಇನ್ನೂ ಕೂಡದ ಅಧಿಕಾರಿಯೊಬ್ಬ ನನ್ನ ಚೀಲ ಬಗೆದು
ಮೊಳೆಗಳು ಚುಚ್ಚಿ ಕೈ ಹಿಂದೆಗೆದ.
ಹೊರಗೆ ಎತ್ತಿ ನೋಡಿದ.
ನನ್ನತ್ತ ನೋಡಿದ.
ಪಾಸ್‌ಪೋರ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು
ಎಡ ಅಂಗೈ ಬಿಚ್ಚಿ, ಮೆಲ್ಲಗೆ, ಒತ್ತಿಕೊಂಡ.

ಕೆಂಪು ಚುಕ್ಕಿಗಳು ಮೂಡಿ ಮಾಯುವ ತನಕ
ರೈಲು ನಿಂತೇ ಇತ್ತು.