ಎಂಬತ್ತಮೂರು ಸೆಕೆಂಡು

ಉಲಾನ್‌ಬಾತರ್. ಬೆಳಗಿನ ಎಂಟು. ಮೈನಸ್ ಇಪ್ಪತ್ತೇಳು.
ಕೆಂಪು ಸಿಗ್ನಲ್ಲು ಎಂಬತ್ತಮೂರರಿಂದ ಇಳಿಯುತ್ತಿದೆ.

ಹಿಂದೆ ಯಾರೋ ಬಾಗಿಲು ಕುಟ್ಟುತ್ತಾರೆ,
ಡಿಪೋದಿಂದ ಫೋನು, ಮಗಳ ಟೀಚರಿಂದ ಫೋನು.
ಎದೆಯೊಳಗೆ ಯಾರೋ ಕಲ್ಲಿದ್ದಲ ಮೂಟೆ ಇಳಿಸಿ
ತೂಕದ ಚೀಟಿ ಕೊಡದೆ ಹೋಗಿದ್ದಾರೆ.

ಆಸ್ಪತ್ರೆಯ ನರ್ಸ್ ದೊಲ್ಗೋರ್ ಹೇಳಿದ್ದಳು:
ಮಾತ್ರೆ ಆಮೇಲೆ. ಮೊದಲು
ಸಿಗ್ನಲ್ ಬಿದ್ದಾಗಲೆಲ್ಲ ಸುಮ್ಮನೆ ಕೂತಿರು.
ನಗು ಬಂತು. ಇಪ್ಪತ್ತು ವರ್ಷದಿಂದ
ಕೂತೇ ಅಲ್ಲವೇ ಸವೆದದ್ದು,
ಈ ಸೀಟೂ ನಾನೂ.

ಎಪ್ಪತ್ತು.
ಕೈಗವಸು ಕಳಚಿ ಸ್ಟೀರಿಂಗಿನ ಮೇಲೆ ಅಂಗೈ.
ಎಡಗೈ ಕೊರೆಯುತ್ತಿದೆ, ಬಲಗೈಯಲ್ಲಿ
ಉಪ್ಪುಹಾಲಿನ ಚಹಾದ ಬಿಸಿ ಇನ್ನೂ ಇದೆ.
ಉಸಿರು ಹೋಗಿ ಗಾಜಿಗೆ ತಗುಲಿ ಬೆಳ್ಳಗಾಗುತ್ತದೆ.
ಐವತ್ತೆರಡು. ಬಾಡಿಗೆ! ನಾಳಿದ್ದೇ ಕೊಡಬೇಕು.
ಅರೆ, ಜಾರಿದೆ. ಮತ್ತೆ ಅಂಗೈ.
ನಲವತ್ತು. ಮತ್ತೆ ಬಾಡಿಗೆ.
ಮತ್ತೆ ಅಂಗೈ.

ಮಡಿಲಲ್ಲಿ ಕೈಗವಸು, ಬಿಚ್ಚಿಕೊಂಡ ಹೊಲಿಗೆ,
ದಾರದ ಬಣ್ಣ ಹಸಿರು.
ಮೂರು ಚಳಿಗಾಲ ತೊಟ್ಟಿದ್ದೇನೆ,
ಹಸಿರೆಂದು ಗೊತ್ತೇ ಇರಲಿಲ್ಲ.

ಹಾರ್ನು. ಹಾರ್ನು. ಸಿಗ್ನಲ್ಲು ಯಾವಾಗ ಬಿಟ್ಟಿತೋ!
ಇಡೀ ರಸ್ತೆ ನನ್ನ ಏಳು ತಲೆಮಾರು ಬೈಯುತ್ತಿದೆ.

ಗೇರು ಹಾಕುತ್ತೇನೆ.
ಮೂಟೆ ಅಲ್ಲೇ ಇದೆ.
ಎಷ್ಟು ಭಾರವೆಂದು, ಯಾರಾದರೂ ಕೇಳಿದರೆ,
ಸುಮಾರಾಗಿ ಹೇಳಬಲ್ಲೆ.